ಬ್ರೇಕ್ ಕೆಲಸಕ್ಕೆ ‘ಹೂಂ’ ಅನ್ನುವ ಮೊದಲು

ಕಾರನ್ನು ಸರ್ವಿಸ್‌ಗೆ ಬಿಟ್ಟು ಬಂದ ದಿನ ಸರ್ವಿಸ್ ಅಡ್ವೈಸರ್‌ನ ಆ ಫೋನ್ ಬಂದೇ ಬರುತ್ತದೆ. ನನಗೆ ಬಂದಾಗ ಪಿಯು ಮಕ್ಕಳ ಫಿಸಿಕ್ಸ್ ಪ್ರಾಕ್ಟಿಕಲ್ ನಡೆಯುತ್ತಿತ್ತು. “ಮೇಡಂ, ಫ್ರಂಟ್ ಪ್ಯಾಡ್ ಚೇಂಜ್, ಡಿಸ್ಕ್ ಸ್ಕಿಮ್ಮಿಂಗ್, ನಾಲ್ಕೂ ವೀಲ್ ಕ್ಲೀನಿಂಗ್ ಗ್ರೀಸಿಂಗ್, ಬ್ರೇಕ್ ಆಯಿಲ್. ಟ್ಯಾಕ್ಸ್ ಸೇರಿ 6,340 ಆಗತ್ತೆ. ಮಾಡಿಬಿಡ್ಲಾ? ಬ್ರೇಕ್ ಅಲ್ವಾ ಮೇಡಂ, ರಿಸ್ಕ್ ಬೇಡ.”

ನಾವು ಸೋಲುವುದು ಈ ಕೊನೆಯ ಮಾತಿಗೇ. ಏಸಿ ಕ್ಲೀನಿಂಗ್ ಅಂದರೆ ಬೇಡ ಅಂತೀವಿ. ಬ್ರೇಕ್ ಅಂದಾಗ ಹಿಂದಿನ ಸೀಟಿನ ಮಕ್ಕಳು ಕಣ್ಣ ಮುಂದೆ ಬರುತ್ತಾರೆ.

“ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. “ಫಿಫ್ಟಿ ಪರ್ಸೆಂಟ್ ಇದೆ ಮೇಡಂ.” ಪರ್ಸೆಂಟ್ ಬೇಡ, ಚಕ್ರ ಬಿಚ್ಚಿಟ್ಟಿರಿ, ಬರ್ತೀನಿ ಅಂದೆ. ದಪ್ಪ ಅಳೆಯುವ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ಬ್ಯಾಗಿಗೆ ಹಾಕಿಕೊಂಡು ಹೋದೆ. (ರಿಜಿಸ್ಟರ್‌ನಲ್ಲಿ ಬರೆದೇ ತಗೊಂಡೆ. ನಮ್ಮ ಅಟೆಂಡರ್ ಬಿಡುವ ಪೈಕಿ ಅಲ್ಲ.)

ನಿಮಗೆ ವರ್ನಿಯರ್ ಬೇಕಿಲ್ಲ, ಮಕ್ಕಳ ಸ್ಕೇಲ್ ಸಾಕು. ಆದರೆ ಏನನ್ನು ಅಳೆಯುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು. ಪ್ಯಾಡ್‌ನಲ್ಲಿ ಎರಡು ಪದರ ಇರುತ್ತದೆ. ಹಿಂದೆ ಕಬ್ಬಿಣದ ಪ್ಲೇಟು, ಅದರ ಮುಂದೆ ಡಿಸ್ಕಿಗೆ, ಅಂದರೆ ಚಕ್ರದ ಜೊತೆ ತಿರುಗುವ ತಟ್ಟೆಗೆ, ಉಜ್ಜುವ ಕಪ್ಪು ಭಾಗ. ಲೆಕ್ಕಕ್ಕೆ ಬರುವುದು ಕಪ್ಪು ಭಾಗ ಮಾತ್ರ. ಪ್ಲೇಟು ಸೇರಿಸಿ ನೋಡಿದರೆ ಸವೆದ ಪ್ಯಾಡೂ ದಪ್ಪ ಕಾಣುತ್ತದೆ. ಇನ್ನೊಂದು ಮಾತು. ಅಲಾಯ್ ಚಕ್ರದ ಸಂದಿಯಿಂದ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್. ಎಷ್ಟೋ ಸಲ ಬೇಗ ಸವೆಯುವುದು ಒಳಗಿನದು. ಚಕ್ರ ಬಿಚ್ಚಿಸಿಯೇ ನೋಡಿ.

ನನ್ನದು ಚಿಕ್ಕ ಕಾರು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಆಗ 28,000 ಕಿಲೋಮೀಟರ್ ಓಡಿತ್ತು. ಸ್ಪೇರ್ ಕೌಂಟರಿನಲ್ಲಿ ಹೊಸ ಪ್ಯಾಡ್ ಈಸಿಕೊಂಡು ಅಳೆದೆ, 10 ಮಿಲಿಮೀಟರ್. ನನ್ನದರಲ್ಲಿ ಉಳಿದದ್ದು 6.5. ಸಾಮಾನ್ಯವಾಗಿ 3ರ ಹತ್ತಿರ ಬಂದಾಗ ಬದಲಾಯಿಸುತ್ತಾರೆ. ಅಂದರೆ 3.5 ಸವೆಯಲು 28,000 ಹಿಡಿದಿದೆ, ಸವೆಯಲು ಇನ್ನೂ 3.5 ಇದೆ. ಆ ಹುಡುಗ ಸುಳ್ಳು ಹೇಳಿರಲಿಲ್ಲ, ನಿಜವಾಗಿಯೂ ಅರ್ಧ ಉಳಿದಿತ್ತು. ಆದರೆ ಅರ್ಧ ಸವೆದ ಚಪ್ಪಲಿಯನ್ನು ಯಾರಾದರೂ ಎಸೀತಾರಾ? ಪ್ಯಾಡ್ ಬೇಡ ಅಂದೆ.

ಸ್ಕಿಮ್ಮಿಂಗ್ ಅಂದರೆ ಡಿಸ್ಕಿನ ಮೈಯನ್ನು ಮೆಷಿನ್ನಿನಲ್ಲಿ ಹೆರೆದು ಮಟ್ಟ ಮಾಡುವುದು. ಹೆರೆದಷ್ಟೂ ಡಿಸ್ಕ್ ತೆಳ್ಳಗಾಗುತ್ತದೆ. ಎಷ್ಟು ತೆಳ್ಳಗಾಗಬಹುದು ಅನ್ನುವ ಕೊನೆಯ ಅಳತೆಯನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ‘ಮಿನ್’ ಅಂತ. ಬ್ರೇಕ್ ಒತ್ತಿದಾಗ ಸ್ಟೇರಿಂಗ್ ನಡುಗುತ್ತಿದ್ದರೆ, ಕಾಲಿಗೆ ಪೆಡಲ್ ತಟತಟ ಬಡಿಯುತ್ತಿದ್ದರೆ ಈ ಕೆಲಸದ ಮಾತಾಡಿ. ನನ್ನ ಕಾರಿನಲ್ಲಿ ಎರಡೂ ಇರಲಿಲ್ಲ. ಮಳೆಯಲ್ಲಿ ರಾತ್ರಿ ನಿಂತ ಕಾರಿನ ಡಿಸ್ಕಿನ ಮೇಲೆ ಬೆಳಗ್ಗೆ ಕೆಂಪು ತುಕ್ಕು ಕಾಣುತ್ತದೆ ನೋಡಿ, ಅದಕ್ಕೂ ದುಡ್ಡು ಕೊಡಬೇಡಿ. ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ.

ಕ್ಲೀನಿಂಗ್ ವಿಷಯದಲ್ಲಿ ಮಾತ್ರ ನನ್ನ ಜಂಬ ಒಮ್ಮೆ ಇಳಿದಿದೆ. ಹಿಂದಿನ ಕಾರಿನಲ್ಲಿ ಮೂರು ವರ್ಷ ‘ಎಲ್ಲ ದುಡ್ಡು ಹೊಡೆಯುವ ದಾರಿ’ ಅಂತ ಬೇಡ ಬೇಡ ಅಂದೆ. ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗಕ್ಕೂ ಕ್ಯಾಲಿಪರ್ ಅಂತಲೇ ಹೆಸರು (ಲ್ಯಾಬಿನದ್ದಲ್ಲ), ಅದು ಹಿಂದೆ ಮುಂದೆ ಜಾರುವುದು ಎರಡು ಪಿನ್ನಿನ ಮೇಲೆ. ಗ್ರೀಸ್ ಒಣಗಿ, ನಮ್ಮ ಮಲೆನಾಡಿನ ಮಳೆನೀರು ಸೇರಿ, ಎಡಗಡೆಯ ಪಿನ್ ಹಿಡಿದುಕೊಂಡುಬಿಟ್ಟಿತು. ಒಳಗಿನ ಪ್ಯಾಡ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜಿತು, ಡಿಸ್ಕಿನ ಮೇಲೆ ಗೀರು ಬಿತ್ತು. ಹೊರಗಿನದು ಹೊಸದರಂತೆಯೇ ಇತ್ತು! ಉಳಿಸಿದ್ದು ಕೆಲವು ನೂರು, ತೆತ್ತದ್ದು ಎರಡು ಹೊಸ ಡಿಸ್ಕ್ ಮತ್ತು ಪ್ಯಾಡ್ ಸೆಟ್ಟು.

ಹಾಗಾಗಿ ಈಗ ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಾಡಿಸುತ್ತೇನೆ. ಪ್ರತಿ ಸರ್ವಿಸ್‌ಗೂ ಅಲ್ಲ. ಒಂದು ಚಕ್ರದ ಒಳ, ಹೊರ ಪ್ಯಾಡ್‌ಗಳ ದಪ್ಪದಲ್ಲಿ ತುಂಬ ವ್ಯತ್ಯಾಸ ಇದ್ದರೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆ ಎಳೆದರೆ, ಒಂದೇ ಚಕ್ರದಿಂದ ಜಾಸ್ತಿ ಬಿಸಿ ಬರುತ್ತಿದ್ದರೆ ವರ್ಷ ಕಾಯಬೇಡಿ. ‘ಗ್ರೀಸಿಂಗ್’ ಅಂತ ಬಿಲ್ಲಿನಲ್ಲಿ ಬರೆದರೆ ಸಾಲದು, ಪಿನ್ ಹೊರಗೆ ತೆಗೆದು ಹಚ್ಚುವುದನ್ನು ನಿಂತು ನೋಡಿ. ಡ್ರಮ್ ಬಿಚ್ಚುವಾಗ ಸ್ವಲ್ಪ ದೂರ ಇರಿ, ಆ ಕರಿ ಧೂಳು ಒಳ್ಳೆಯದಲ್ಲ.

ಇನ್ನು ಬ್ರೇಕ್ ಆಯಿಲ್, ಪೆಡಲಿನ ಒತ್ತಡವನ್ನು ಪೈಪಿನಲ್ಲಿ ಚಕ್ರದವರೆಗೆ ಒಯ್ಯುವ ದ್ರವ. ಎಸ್ಟಿಮೇಟಿನಲ್ಲಿ ಎಲ್ಲಕ್ಕಿಂತ ಕಡಿಮೆ ದುಡ್ಡಿನದು ಇದೇ, ನಾನು ಮರುಮಾತಿಲ್ಲದೆ ಒಪ್ಪಿದ್ದೂ ಇದನ್ನೇ. ಅದು ಗಾಳಿಯಲ್ಲಿನ ತೇವವನ್ನು ಹೀರುತ್ತದೆ, ಬೇಡವೆಂದರೂ. ಡಾಟ್ 4 ಅನ್ನುವ ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲ್‌ಗೆ ಆ ಮಿತಿ 155. ಶಿವಮೊಗ್ಗದ ಊರೊಳಗೆ ಇದೇನೂ ಗೊತ್ತಾಗದು. ನನ್ನ ತವರು ಹೆಬ್ರಿ ಕಡೆ. ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟೇ ಹೋದರೆ ಬಿಸಿ ಏರುತ್ತಲೇ ಇರುತ್ತದೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಅದುಮಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ಪೆಡಲ್ ಮೆತ್ತಗೆ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಸೆಕೆಂಡ್ ಗೇರಿನಲ್ಲಿ ಇಳಿಯಿರಿ, ಎಷ್ಟು ದಿನಕ್ಕೆ ಆಯಿಲ್ ಬದಲಿಸಬೇಕೆಂದು ಮ್ಯಾನುವಲ್ ನೋಡಿ. ಬಹಳ ಕಾರುಗಳಿಗೆ ಎರಡು ವರ್ಷ. ಸೀಲ್ ಇರುವ ಡಬ್ಬಿ ನಿಮ್ಮೆದುರೇ ತೆರೆಯಲಿ. ನಾಲ್ಕೂ ಚಕ್ರದಲ್ಲಿ ಬ್ಲೀಡ್ ಮಾಡಿ ಹಳೆಯದನ್ನು ಹೊರಗೆ ಹಾಕಬೇಕು, ಮೇಲಿಂದ ಸುರಿದು ತುಂಬಿಸಿದರೆ ಬದಲಾಯಿಸಿದ ಹಾಗಲ್ಲ.

ಚೌಕಾಸಿಗೆ ಜಾಗವೇ ಇಲ್ಲದ ಹೊತ್ತೂ ಉಂಟು. ಕಬ್ಬಿಣ ಕೆರೆದಂಥ ಸದ್ದು. ಒತ್ತಿ ಹಿಡಿದಾಗ ನಿಧಾನಕ್ಕೆ ಇಳಿಯುವ ಪೆಡಲ್. ಹ್ಯಾಂಡ್‌ಬ್ರೇಕ್ ಬಿಟ್ಟರೂ ಆರದ ಕೆಂಪು ದೀಪ. ಚಕ್ರದ ಒಳಮೈಯಲ್ಲಿ ಎಣ್ಣೆ ಪಸೆ. ಆಗ ಗಾಡಿ ಓಡಿಸಲೇಬೇಡಿ, ಬೇಕಾದರೆ ಟೋ ಮಾಡಿಸಿ.

ಆ ದಿನ ಆಯಿಲ್, ಕ್ಲೀನಿಂಗ್ ಎರಡಕ್ಕೆ 1,780 ಕೊಟ್ಟು ಬಂದೆ. ಅಡ್ವೈಸರ್ ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ. ವರ್ನಿಯರ್ ಕೈಗೆ ತಗೊಂಡು, “ಪಿಯುನಲ್ಲಿ ಇದರದ್ದೇ ಪ್ರಾಕ್ಟಿಕಲ್ ಬಂದಿತ್ತು ಮೇಡಂ, ಝೀರೋ ಎರರ್ ಮರೆತು ಮಾರ್ಕ್ಸ್ ಹೋಯ್ತು” ಅಂದ.

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಈಗೊಂದು ಸಣ್ಣ ನೋಟ್‌ಬುಕ್ ಇದೆ. ದಿನಾಂಕ, ಕಿಲೋಮೀಟರ್, ನಾಲ್ಕು ಪ್ಯಾಡಿನ ಅಳತೆ. ಕೊನೆಯ ಸಾಲು: 41,200, ಎಡ ಒಳಗಿನದು 4.5, ಉಳಿದವು 5. ಎಡಗಡೆ ಪಿನ್ ಇನ್ನೊಮ್ಮೆ ನೋಡಿಸಬೇಕು.