‘ಡೇರ್ ಆರ್ಟ್ಸ್ಟ್’: ಜರ್ಮನ್ ಡಾಕ್ಟರನ್ನು ಕನ್ನಡದ ದಾರಿಯಲ್ಲಿ ಕಲಿಯುವುದು ಹೇಗೆ?

ಎಂಬಿಬಿಎಸ್ ಮುಗಿಸಿ ಜರ್ಮನಿಗೆ ಹೊರಟವರು, ನರ್ಸಿಂಗ್ ಓದಿ ಅಲ್ಲಿನ ಆಸ್ಪತ್ರೆಯ ಕರೆಗೆ ಕಾಯುತ್ತಿರುವವರು, ಸಂಸಾರ ಸಮೇತ ಮ್ಯೂನಿಕ್‌ಗೆ ಹೋಗಿ ಮಗುವಿಗೆ ಜ್ವರ ಬಂದಾಗ ಫೋನ್ ಹಿಡಿದು ತಡವರಿಸುವವರು, ಹೀಗೆ ಎಲ್ಲರಿಗೂ ಹೋದ ಹೊಸದರಲ್ಲೇ ಬೇಕಾಗುವ ಪದ ‘ಆರ್ಟ್ಸ್ಟ್’, ಅಂದರೆ ಡಾಕ್ಟರು. ನೂರು ಉದ್ಯೋಗಗಳ ಹೆಸರನ್ನು ಪಟ್ಟಿ ಮಾಡಿ ಉರು ಹೊಡೆಯುವ ಬದಲು ಈ ಒಂದನ್ನು ಬೇರುಸಮೇತ ಕಲಿಯಿರಿ. ಕಲಿಯುವಾಗ ಇಂಗ್ಲಿಷನ್ನು ನಡುವೆ ತರಬೇಡಿ. ವಿಭಕ್ತಿಯ ವಿಷಯದಲ್ಲಿ ಜರ್ಮನ್ ಕಲಿಯುವವರಿಗೆ ಕನ್ನಡವೇ ಹೆಚ್ಚು ನೆರವಾಗುತ್ತದೆ. ಅದು ಕೈಕೊಡುವ ಜಾಗಗಳೂ ಇವೆ, ಅವನ್ನೂ ನೋಡೋಣ.

ಹಂತ 1: ನಾಲ್ಕು ರೂಪ ಒಟ್ಟಿಗೆ

ನೋಟ್‌ಬುಕ್ಕಿನಲ್ಲಿ ‘ಆರ್ಟ್ಸ್ಟ್ – ಡಾಕ್ಟರ್’ ಎಂದಷ್ಟೇ ಬರೆದುಕೊಂಡರೆ ಆಮೇಲೆ ಪರದಾಡಬೇಕಾಗುತ್ತದೆ. ಒಂದೇ ಸಾಲಿನಲ್ಲಿ ನಾಲ್ಕನ್ನೂ ಬರೆಯಿರಿ: ಡೇರ್ ಆರ್ಟ್ಸ್ಟ್ (ಗಂಡಸು), ಡೀ ಏರ್ಟ್ಸ್ಟಿನ್ (ಹೆಂಗಸು), ಡೀ ಏರ್ಟ್ಸ್ಟೆ (ಬಹುವಚನ), ಡೀ ಏರ್ಟ್ಸ್ಟಿನೆನ್ (ಬರೀ ಮಹಿಳಾ ವೈದ್ಯರ ಬಹುವಚನ). ಮುಂದಿರುವ ಡೇರ್, ಡೀ ಎಂಬವು ಪದದ ಲಿಂಗ, ವಚನ ತೋರಿಸುವ ಆರ್ಟಿಕಲ್‌ಗಳು, ಇಂಗ್ಲಿಷಿನ ‘ದಿ’ ಇದ್ದಂತೆ. ಮೊದಲನೆಯದನ್ನು ಬಿಟ್ಟು ಉಳಿದ ಮೂರರಲ್ಲೂ ಪದದ ಮೊದಲಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಬರುತ್ತವೆ. ಅದೇ ಉಮ್ಲೌಟ್. ‘ಆ’ ಇದ್ದದ್ದು ‘ಏ’ ಆಗುವುದು ಅದರಿಂದಲೇ.

ಉಚ್ಚಾರದಲ್ಲಿ ‘ರ್’ ಅನ್ನು ನಾಲಿಗೆ ಹೊರಳಿಸಿ ಹೇಳಬೇಡಿ, ಅದು ಹೆಚ್ಚುಕಡಿಮೆ ಸ್ವರದಲ್ಲೇ ಕರಗಿಹೋಗುತ್ತದೆ. ಮೊದಲು ‘ಆಟ್ಸ್’ ಎಂದು ಅಭ್ಯಾಸ ಮಾಡಿ, ಕೊನೆಗೆ ಚಿಕ್ಕದೊಂದು ‘ಟ್’ ಸೇರಿಸಿ. ಬಸ್ಸು, ಕಾರು ಎಂದು ಎಲ್ಲದಕ್ಕೂ ಬಾಲದಲ್ಲೊಂದು ‘ಉ’ ಅಂಟಿಸುವ ನಮ್ಮ ನಾಲಿಗೆಯನ್ನು ಇಲ್ಲಿ ಸ್ವಲ್ಪ ಹಿಡಿದಿಟ್ಟುಕೊಳ್ಳಬೇಕು. ಹಾಗೆಂದು ಕೊನೆಯ ವ್ಯಂಜನಗಳನ್ನು ನುಂಗಿ ‘ಆರ್ಟ್’ ಎಂದರೆ ಅದು ಬೇರೆಯೇ ಪದ, ‘ಬಗೆ’ ಎಂದರ್ಥ.

ಹಂತ 2: ‘ನಾನು ಡಾಕ್ಟರು’ ಎನ್ನಿ

ಇಂಗ್ಲಿಷಿನ ಅಭ್ಯಾಸ ಇರುವವರು ಉದ್ಯೋಗದ ಮುಂದೆ ‘ಒಬ್ಬ’ ಎಂಬರ್ಥದ ಆರ್ಟಿಕಲ್ ಹಾಕಿಬಿಡುತ್ತಾರೆ. ಕನ್ನಡದಲ್ಲಿ ಯೋಚಿಸಿದರೆ ಈ ತಪ್ಪು ಆಗುವುದೇ ಇಲ್ಲ. ‘ನಾನು ಡಾಕ್ಟರು’ ಎನ್ನುತ್ತೇವೆ, ‘ನಾನು ಒಬ್ಬ ಡಾಕ್ಟರು’ ಎಂದು ಪರಿಚಯ ಹೇಳಿಕೊಳ್ಳುವವರು ಕಡಿಮೆ. ಜರ್ಮನ್ನರೂ ಅಷ್ಟೆ: ‘ಇಶ್ ಬಿನ್ ಆರ್ಟ್ಸ್ಟ್’. ಹೆಂಗಸಾದರೆ ‘ಇಶ್ ಬಿನ್ ಏರ್ಟ್ಸ್ಟಿನ್’. ‘ಡಾಕ್ಟರಾಗಿ ಕೆಲಸ ಮಾಡುತ್ತೇನೆ’ ಎನ್ನುವಾಗಲೂ ‘ಇಶ್ ಆರ್ಬೈಟೆ ಆಲ್ಸ್ ಏರ್ಟ್ಸ್ಟಿನ್’, ನಡುವೆ ಆರ್ಟಿಕಲ್ ಇಲ್ಲ. ಆದರೆ ಗುಣವಾಚಕ ಬಂದ ಕೂಡಲೇ ಆರ್ಟಿಕಲ್ ಬೇಕು: ‘ಏರ್ ಇಸ್ಟ್ ಐನ್ ಗೂಟರ್ ಆರ್ಟ್ಸ್ಟ್’, ಅವರು ಒಳ್ಳೆಯ ಡಾಕ್ಟರು.

ನಾವು ಗಂಡಸಿಗೂ ಹೆಂಗಸಿಗೂ ‘ಡಾಕ್ಟರು’ ಎಂದು ಮುಗಿಸುತ್ತೇವೆ. ‘ವೈದ್ಯೆ’ ಪುಸ್ತಕದಲ್ಲೇ ಹೆಚ್ಚು. ಆ ಸಲುಗೆ ಜರ್ಮನ್‌ನಲ್ಲಿ ನಡೆಯುವುದಿಲ್ಲ. ಹಿಂದಿನ ಪೂರ್ವ ಜರ್ಮನಿಯಲ್ಲಿ ಮಹಿಳೆಯರೂ ತಮ್ಮ ಉದ್ಯೋಗಕ್ಕೆ ಪುಲ್ಲಿಂಗ ರೂಪವನ್ನೇ ಬಳಸುವ ರೂಢಿ ಇತ್ತು. ಹೊಸದಾಗಿ ಕಲಿಯುವವರು ಅದನ್ನು ಅನುಸರಿಸದಿರುವುದೇ ಒಳ್ಳೆಯದು.

ಹಂತ 3: ಪ್ರತ್ಯಯವನ್ನು ಮುಂದೆ ಹುಡುಕಿ

ಹೆಚ್ಚಿನವರು ಕೈಚೆಲ್ಲುವುದು ಇಲ್ಲಿಯೇ. ಆದರೆ ಕನ್ನಡಿಗರು ಹೆದರಲು ಕಾರಣವಿಲ್ಲ. ಡಾಕ್ಟರು, ಡಾಕ್ಟರನ್ನು, ಡಾಕ್ಟರಿಗೆ, ಡಾಕ್ಟರ ಎಂದು ದಿನವೂ ವಿಭಕ್ತಿ ಹಚ್ಚುವವರೇ ನಾವು. ನಮ್ಮ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ, ಅವರದು ಬಹುಮಟ್ಟಿಗೆ ಮುಂದಿನ ಆರ್ಟಿಕಲ್‌ನಲ್ಲಿ ಕೂತಿರುತ್ತದೆ. ಡಾಕ್ಟರು ಎಂದರೆ ಡೇರ್ ಆರ್ಟ್ಸ್ಟ್. ಡಾಕ್ಟರನ್ನು ಎನ್ನಲು ಡೇನ್ ಆರ್ಟ್ಸ್ಟ್. ಡಾಕ್ಟರಿಗೆ ಎನ್ನಲು ಡೇಮ್ ಆರ್ಟ್ಸ್ಟ್. ಷಷ್ಠಿಯಲ್ಲಿ ಮಾತ್ರ ಪದದ ಬಾಲವೂ ಬದಲಾಗಿ ಡೆಸ್ ಆರ್ಟ್ಸ್ಟೆಸ್ ಆಗುತ್ತದೆ.

ಇದರಿಂದ ಒಂದು ಸ್ವಾತಂತ್ರ್ಯ ಸಿಗುತ್ತದೆ. ‘ರೋಗಿ ಡಾಕ್ಟರನ್ನು ಕೇಳುತ್ತಾನೆ’ ಎಂದರೂ ‘ಡಾಕ್ಟರನ್ನು ರೋಗಿ ಕೇಳುತ್ತಾನೆ’ ಎಂದರೂ ಕೇಳುವವನು ಯಾರು ಎಂಬ ಗೊಂದಲ ನಮಗಿಲ್ಲ. ಜರ್ಮನ್‌ನಲ್ಲೂ ‘ಡೇರ್ ಪಟ್ಸಿಯೆಂಟ್ ಫ್ರಾಗ್ಟ್ ಡೇನ್ ಆರ್ಟ್ಸ್ಟ್’ ಎಂಬುದನ್ನು ತಿರುಗಿಸಿ ‘ಡೇನ್ ಆರ್ಟ್ಸ್ಟ್ ಫ್ರಾಗ್ಟ್ ಡೇರ್ ಪಟ್ಸಿಯೆಂಟ್’ ಎಂದರೆ ಅರ್ಥ ಕೆಡುವುದಿಲ್ಲ. ಕ್ರಿಯಾಪದ ಮಾತ್ರ ಎರಡನೆಯ ಜಾಗ ಬಿಟ್ಟು ಕದಲಬಾರದು.

ಹೆಂಗಸರ ರೂಪದಲ್ಲಿ ಒಂದು ಮೋಸ ಇದೆ. ಡಾಕ್ಟರು, ಡಾಕ್ಟರನ್ನು ಎರಡಕ್ಕೂ ‘ಡೀ ಏರ್ಟ್ಸ್ಟಿನ್’. ಡಾಕ್ಟರಿಗೆ, ಡಾಕ್ಟರ ಎರಡಕ್ಕೂ ‘ಡೇರ್ ಏರ್ಟ್ಸ್ಟಿನ್’. ‘ಡೇರ್’ ಕಂಡ ಕೂಡಲೇ ಪುಲ್ಲಿಂಗ ಎಂದುಕೊಂಡವರು ಇಲ್ಲಿ ಬೀಳುತ್ತಾರೆ. ಬಹುವಚನದಲ್ಲಿ ‘ಡಾಕ್ಟರುಗಳಿಗೆ’ ಎನ್ನಲು ಕೊನೆಗೆ ‘ನ್’ ಸೇರಿ ಡೇನ್ ಏರ್ಟ್ಸ್ಟೆನ್ ಆಗುತ್ತದೆ.

ಯಾವ ಕ್ರಿಯಾಪದಕ್ಕೆ ಯಾವ ವಿಭಕ್ತಿ? ಇಲ್ಲೂ ಕನ್ನಡ ಸಾಕಷ್ಟು ದೂರ ಜೊತೆಗೆ ಬರುತ್ತದೆ. ಡಾಕ್ಟರನ್ನು ಕೇಳುತ್ತೇವೆ, ಫ್ರಾಗೆನ್ ಎಂಬ ಕ್ರಿಯಾಪದಕ್ಕೂ ದ್ವಿತೀಯೆಯೇ. ಡಾಕ್ಟರಿಗೆ ಸಹಾಯ ಮಾಡುತ್ತೇವೆ, ಹೆಲ್ಫೆನ್‌ಗೂ ಚತುರ್ಥಿಯೇ: ‘ಇಶ್ ಹೆಲ್ಫೆ ಡೇಮ್ ಆರ್ಟ್ಸ್ಟ್’. ಧನ್ಯವಾದ ಹೇಳುವುದೂ ಹಾಗೆಯೇ. ಆದರೆ ಫೋನ್ ವಿಷಯದಲ್ಲಿ ಎಚ್ಚರ. ನಾವು ಡಾಕ್ಟರಿಗೆ ಫೋನ್ ಮಾಡುತ್ತೇವೆ, ಜರ್ಮನ್ನರು ಡಾಕ್ಟರನ್ನು ಫೋನಿನಲ್ಲಿ ಕರೆಯುತ್ತಾರೆ: ‘ಇಶ್ ರೂಫೆ ಡೇನ್ ಆರ್ಟ್ಸ್ಟ್ ಆನ್’. ಕನ್ನಡವನ್ನು ನಂಬಿ ‘ಡೇಮ್’ ಎಂದರೆ ತಪ್ಪು. ಇಂಥ ಹೊಂದದ ಕ್ರಿಯಾಪದಗಳಿಗೆ ನೋಟ್‌ಬುಕ್ಕಿನಲ್ಲಿ ಬೇರೆ ಪುಟ ಇಟ್ಟುಕೊಳ್ಳಿ.

ಹಂತ 4: ಎಲ್ಲಿಗೆ, ಎಲ್ಲಿ, ಎಲ್ಲಿಂದ

‘ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ’, ‘ಡಾಕ್ಟರ ಹತ್ತಿರ ಇದ್ದೇನೆ’ ಎಂದು ನಾವು ಒಂದೇ ‘ಹತ್ತಿರ’ದಲ್ಲಿ ಕೆಲಸ ಮುಗಿಸುತ್ತೇವೆ. ಜರ್ಮನ್‌ಗೆ ಮೂರು ಬೇಕು. ಹೋಗುವಾಗ ಟ್ಸುಮ್ ಆರ್ಟ್ಸ್ಟ್, ಅಲ್ಲಿರುವಾಗ ಬೈಮ್ ಆರ್ಟ್ಸ್ಟ್, ಅಲ್ಲಿಂದ ಬರುವಾಗ ಫೊಮ್ ಆರ್ಟ್ಸ್ಟ್. ಮೂರರ ಕೊನೆಯ ‘ಮ್’ ಕೂಡ ‘ಡೇಮ್’ನಿಂದ ಉಳಿದದ್ದು, ಅಂದರೆ ಒಳಗಿರುವುದು ಅದೇ ಚತುರ್ಥಿ. ಡಾಕ್ಟರಮ್ಮನ ಬಳಿ ಹೋಗುವುದಾದರೆ ಟ್ಸುರ್ ಏರ್ಟ್ಸ್ಟಿನ್. ಅವರ ಬಳಿ ಇರುವುದಾದರೆ ಬೈ ಡೇರ್ ಏರ್ಟ್ಸ್ಟಿನ್, ಬರುವಾಗ ಫೊನ್ ಡೇರ್ ಏರ್ಟ್ಸ್ಟಿನ್. ಈ ಎರಡನ್ನು ಕೂಡಿಸಿ ಮೊಟಕು ಮಾಡುವ ಹಾಗಿಲ್ಲ.

ಹಂತ 5: ಸಮಾಸ

ಸಮಾಸದಲ್ಲಿ ಲಿಂಗ ನಿರ್ಧರಿಸುವುದು ಕೊನೆಯ ಪದ. ಮನೆ ಡಾಕ್ಟರು ಹೌಸ್‌ಆರ್ಟ್ಸ್ಟ್, ಹಲ್ಲಿನ ಡಾಕ್ಟರು ಟ್ಸಾನ್‌ಆರ್ಟ್ಸ್ಟ್, ದನದ ಡಾಕ್ಟರು ಟೀರ್‌ಆರ್ಟ್ಸ್ಟ್. ಎಲ್ಲವೂ ‘ಡೇರ್’. ಅದೇ ಪದ ಮೊದಲಿಗೆ ಬಂದರೆ ಅದರ ಆರ್ಟಿಕಲ್‌ಗೆ ಬೆಲೆಯಿಲ್ಲ: ಕ್ಲಿನಿಕ್ಕು ಡೀ ಆರ್ಟ್ಸ್ಟ್‌ಪ್ರಾಕ್ಸಿಸ್, ಹಲವು ಡಾಕ್ಟರುಗಳ ಕ್ಲಿನಿಕ್ ಇರುವ ಕಟ್ಟಡ ಡಾಸ್ ಏರ್ಟ್ಸ್ಟೆಹೌಸ್ (‘ಡಾಸ್’ ನಪುಂಸಕಲಿಂಗದ ಆರ್ಟಿಕಲ್). ಆಸ್ಪತ್ರೆಯೊಳಗೆ ಹೊಸಬರು ಅಸಿಸ್ಟೆಂಟ್ಸ್‌ಆರ್ಟ್ಸ್ಟ್, ಅವರ ಮೇಲೆ ಓಬರ್‌ಆರ್ಟ್ಸ್ಟ್, ವಿಭಾಗದ ತಲೆಯಲ್ಲಿ ಶೆಫ್‌ಆರ್ಟ್ಸ್ಟ್.

ಹಂತ 6: ಎದುರಿಗೆ ಸಿಕ್ಕಾಗ

ಯಾರನ್ನೂ ‘ಹೆರ್ ಆರ್ಟ್ಸ್ಟ್’ ಎಂದು ಕರೆಯುವಂತಿಲ್ಲ. ಕರೆಯುವುದಕ್ಕೆ ‘ಹೆರ್ ಡೊಕ್ಟೊರ್’, ‘ಫ್ರೌ ಡೊಕ್ಟೊರ್’ ಇವೆ. ಆರ್ಟ್ಸ್ಟ್ ಎಂಬುದು ಉದ್ಯೋಗ, ಡೊಕ್ಟೊರ್ ಎಂಬುದು ಪದವಿ. ಪ್ರಬಂಧ ಬರೆದು ಡಾಕ್ಟರೇಟ್ ಪಡೆದ ವೈದ್ಯರಿಗಷ್ಟೇ ಅಲ್ಲಿ ‘ಡೊಕ್ಟೊರ್ ಮೆಡ್’ ಎಂಬ ಬಿರುದು. ಎಂಬಿಬಿಎಸ್ ಆದ ದಿನವೇ ಹೆಸರಿನ ಮುಂದೆ ‘ಡಾ.’ ಬೋರ್ಡು ಹಾಕಿಸಿದವರಿಗೆ ಇದು ಕೊಂಚ ಕಸಿವಿಸಿ ತರುತ್ತದೆ. ಅಪ್ರೊಬಾಟ್ಸಿಯೋನ್ ಎಂಬ ಪರವಾನಗಿ ಸಿಕ್ಕರೆ ನೀವು ಪೂರ್ಣ ಪ್ರಮಾಣದ ಆರ್ಟ್ಸ್ಟ್, ಆದರೆ ಅಷ್ಟರಿಂದಲೇ ಡೊಕ್ಟೊರ್ ಅಲ್ಲ. ರೋಗಿಗಳು ಬಾಯಿರೂಢಿಯಲ್ಲಿ ಹಾಗೆ ಕರೆಯಬಹುದು, ಅದು ಬೇರೆ ಮಾತು.

ಕೆಲಸದ ಜಾಹೀರಾತಿನಲ್ಲಿ ‘ಆರ್ಟ್ಸ್ಟ್’ ಪಕ್ಕ ಕಂಸದಲ್ಲಿ ಮೂರು ಅಕ್ಷರ ಕಾಣುತ್ತವೆ: ಎಮ್, ವೇ, ಡೇ. ಪುರುಷ, ಮಹಿಳೆ, ‘ಡಿವೆರ್ಸ್’ ಎಂದರ್ಥ. ಕೊನೆಯದು 2018ರ ಡಿಸೆಂಬರ್‌ನಲ್ಲಿ ಕಾನೂನಿನ ಮಾನ್ಯತೆ ಪಡೆದ ಮೂರನೆಯ ಆಯ್ಕೆ. ಪದದ ನಡುವೆ ನಕ್ಷತ್ರ ಹಾಕಿ ಎಲ್ಲರನ್ನೂ ಒಂದೇ ರೂಪದಲ್ಲಿ ಸೇರಿಸುವವರೂ ಇದ್ದಾರೆ. ಬವೇರಿಯಾ ರಾಜ್ಯ 2024ರ ಏಪ್ರಿಲ್‌ನಿಂದ ಶಾಲೆ, ಸರ್ಕಾರಿ ಕಚೇರಿಗಳಲ್ಲಿ ಅದನ್ನು ನಿಷೇಧಿಸಿದೆ. ಜಗಳದ ಗೊಡವೆ ಬೇಡ ಎನ್ನುವವರಿಗೆ ‘ಏರ್ಟ್ಸ್ಟಿನೆನ್ ಉಂಡ್ ಏರ್ಟ್ಸ್ಟೆ’ ಎಂಬ ಜೋಡಿ ಎಲ್ಲೆಡೆ ಸಲ್ಲುತ್ತದೆ.

ಹಂತ 7: ಬಾಯಿಗೆ ಕೂರಿಸುವುದು, ಮುಂದಿನ ಪದಕ್ಕೆ ಹೋಗುವುದು

ಬೆಂಗಳೂರಿನವರಿಗೆ ಜರ್ಮನ್ ಕಲಿಸುವ ಮ್ಯಾಕ್ಸ್ ಮುಲ್ಲರ್ ಭವನ ಇಂದಿರಾನಗರದಲ್ಲೇ ಇದೆ. ಉಳಿದವರಿಗೆ ಆನ್‌ಲೈನ್ ಡೂಡೆನ್ ನಿಘಂಟು, ಒಂದು ನೋಟ್‌ಬುಕ್ಕು ಇದ್ದರೆ ಆರಂಭಕ್ಕೆ ಸಾಕು. ಮೇಲಿನ ಒಂದೊಂದು ರೂಪಕ್ಕೂ ನಿಮ್ಮದೇ ಒಂದು ವಾಕ್ಯ ಮಾಡಿ ಗಟ್ಟಿಯಾಗಿ ಹೇಳಿ. ಪುಲ್ಲಿಂಗದಲ್ಲಿ ಹೇಳಿದ್ದನ್ನು ಕೂಡಲೇ ಸ್ತ್ರೀಲಿಂಗಕ್ಕೆ ತಿರುಗಿಸಿ. ಅಲ್ಲಿ ವೈದ್ಯರಾಗಲು ಹೋಗುವವರ ಭಾಷಾ ಪರೀಕ್ಷೆಯಲ್ಲಿ ಬಹುತೇಕ ರಾಜ್ಯಗಳಲ್ಲಿ 20 ನಿಮಿಷಗಳ ಮೂರು ಭಾಗಗಳಿರುತ್ತವೆ: ರೋಗಿಯ ಜೊತೆ ಮಾತು, ಬರವಣಿಗೆ, ಇನ್ನೊಬ್ಬ ವೈದ್ಯರ ಜೊತೆ ಮಾತು. ಡೇನ್, ಡೇಮ್ ಎಂದು ಯೋಚಿಸುತ್ತಾ ಕೂರಲು ಅಲ್ಲಿ ಪುರಸೊತ್ತಿಲ್ಲ.

ಬೇರೆ ಉದ್ಯೋಗಗಳಿಗೆ ಹೋಗುವಾಗ ಡೂಡೆನ್‌ನಲ್ಲಿ ಷಷ್ಠಿ ರೂಪವನ್ನು ತಪ್ಪದೆ ನೋಡಿ. ಸರ್ಜನ್ ಎಂಬರ್ಥದ ‘ಡೇರ್ ಶಿರುರ್ಗ್’ ನೋಡಲು ಆರ್ಟ್ಸ್ಟ್‌ನಂತೆಯೇ ಇದ್ದರೂ ಷಷ್ಠಿಯಲ್ಲಿ ‘ಡೆಸ್ ಶಿರುರ್ಗೆನ್’ ಆಗುತ್ತದೆ. ಹಾಗೆ ‘ಎನ್’ ಬಂದರೆ ಪ್ರಥಮಾ ಬಿಟ್ಟು ಎಲ್ಲ ಕಡೆಗೂ ಅದೇ ಬಾಲ: ಡೇನ್ ಶಿರುರ್ಗೆನ್, ಡೇಮ್ ಶಿರುರ್ಗೆನ್. ಪಟ್ಸಿಯೆಂಟ್ ಕೂಡ ಇದೇ ಗುಂಪು, ಆದ್ದರಿಂದ ಡಾಕ್ಟರು ರೋಗಿಯನ್ನು ಕೇಳುವಾಗ ‘ಡೇನ್ ಪಟ್ಸಿಯೆಂಟೆನ್’. ಸೂಲಗಿತ್ತಿ ಎಂಬರ್ಥದ ‘ಡೀ ಹೇಬಾಮೆ’ಯದು ಇನ್ನೊಂದು ಕಥೆ. ಗಂಡಸರಿಗೆ ಮೊದಲು ಬೇರೆ ಹೆಸರಿತ್ತು, 2020ರ ಕಾನೂನು ಬಂದ ಮೇಲೆ ಆ ಕೆಲಸ ಮಾಡುವ ಗಂಡಸೂ ಹೇಬಾಮೆಯೇ, ಆರ್ಟಿಕಲ್ ಕೂಡ ‘ಡೀ’ ಆಗಿಯೇ ಉಳಿದಿದೆ.