ಬೆಳಗಾವಿಗೆ ಹೊಸದಾಗಿ ಬಂದೀರಿ, ಮನ್ಯಾಗ ಬಸುರಿ ಅದಾರ ಅಂದ್ರ ಇದನ್ನ ಓದ್ರಿ

ಬೆಂಗಳೂರು, ಮೈಸೂರು ಕಡಿಂದ ಟ್ರಾನ್ಸ್‌ಫರ್ ಆಗಿ ಬಂದ ಮಂದಿ ನಮ್ಮ ಸಂಘಕ್ಕ ಫೋನ್ ಹಚ್ಚಿ ಮೊದ್ಲ ಬಾಡಿಗಿ ಮನಿ ಕೇಳ್ತಾರ, ಆಮ್ಯಾಲ ಸಾಲಿ ಅಡ್ಮಿಶನ್, ಕಡೀಕ ಮೆಲ್ಲಕ "ಮೇಡಂ, ಇಲ್ಲಿ ಹೆರಿಗೆಗೆ ಯಾವ ಆಸ್ಪತ್ರೆ ಚೆನ್ನಾಗಿದೆ?" ಅಂತಾರ. ದೊಡ್ಡಾಸ್ಪತ್ರಿ ಅಂದ್ರ ಸರ್ಕಾರಿದು ಬಿಮ್ಸ್ ಐತಿ, ನೆಹರೂ ನಗರದಾಗ ಕೆಎಲ್‌ಇ ಐತಿ, ಸಣ್ಣ ಸಣ್ಣ ನರ್ಸಿಂಗ್ ಹೋಮ್ ಅಂತೂ ಬೇಕಾದಷ್ಟ ಅದಾವ. ಆದ್ರ ನಾ ತಿರುಗಿ ಕೇಳೂದು ಒಂದ, ಈಗ ಎಷ್ಟನೇ ವಾರ? ತಿಂಗಳಾ ಹೇಳಬ್ಯಾಡ್ರಿ, ವಾರ ಹೇಳ್ರಿ.

ಯಾಕಂದ್ರ ಡಾಕ್ಟರ್ ಲೆಕ್ಕ ಎಲ್ಲಾ ವಾರದ್ದು. ಕಡೀ ಸಲ ಮುಟ್ಟಾದ ಮೊದಲ್ನೇ ದಿನದಿಂದ ಎಣಿಸಿ ಒಟ್ಟ 40 ವಾರ, 280 ದಿನ. ಗರ್ಭ ಇನ್ನೂ ಕಟ್ಟಿರದ ಮೊದಲಿನ ಎರಡ ವಾರಾನೂ ಅದ್ರಾಗ ಸೇರ್ತಾವ, ಹಿಂಗಾಗಿ ಅತ್ತಿ ಲೆಕ್ಕ ಒಂದು ಡಾಕ್ಟರ್ ಲೆಕ್ಕ ಒಂದು ಆಗಿ ಮನ್ಯಾಗ ಸುಮ್ನ ಜಗಳ. ಆ ತಾರೀಖು ಕ್ಯಾಲೆಂಡರ್‌ನಾಗ ಬರದ ಇಡ್ರಿ. 11ನೇ ವಾರದಿಂದ 14 ತುಂಬೂದ್ರೊಳಗ ಎನ್‌ಟಿ ಸ್ಕ್ಯಾನ್, ಕೂಸಿನ ಕುತ್ತಿಗಿ ಹಿಂದಿನ ನೀರಿನ ದಪ್ಪ ಅಳೀತಾರ, ಜೋಡಿ ಒಂದ ರಕ್ತದ ಟೆಸ್ಟ್. ಡೌನ್ ಸಿಂಡ್ರೋಮ್, ಅಂದ್ರ 21ನೇ ಕ್ರೋಮೋಸೋಮ್ ಎರಡು ಇರೂ ಕಡೆ ಮೂರು ಇರೂದು, ಅದ್ರ ಸಾಧ್ಯತೆ ಎಷ್ಟು ಅಂತ ಇದ್ರಾಗ ಅಂದಾಜ ಸಿಗ್ತೈತಿ, ಅಂದಾಜ ಅಷ್ಟ, ರಿಪೋರ್ಟ್ ನೋಡಿ ಗಾಬರಿ ಬೀಳಬ್ಯಾಡ್ರಿ, ಪಕ್ಕಾ ಮಾಡಾಕ ಬ್ಯಾರೆ ಟೆಸ್ಟ್ ಅದಾವ. 18ರಿಂದ 20ನೇ ವಾರದಾಗ ಅನಾಮಲಿ ಸ್ಕ್ಯಾನ್, ಹೃದಯ, ಬೆನ್ನಹುರಿ, ಕಿಡ್ನಿ, ತುಟಿ ಎಲ್ಲಾ ಒಂದೊಂದ ನೋಡ್ತಾರ. ಇದನ್ನ ತಪ್ಪಸಾಕ ಹೋಗಬ್ಯಾಡ್ರಿ.

ಟಿಳಕವಾಡಿಗೆ ಶಿಫ್ಟ್ ಆಗಿ ಬಂದ ಒಬ್ರದು ಹಿಂಗ ಆತು. ಆಸ್ಪತ್ರಿ ಫೈಲ್ ಎಲ್ಲಿಟ್ರಿ ಅಂದ್ರ ಪ್ಯಾಕರ್ಸ್‌ನವ್ರ ರಟ್ಟಿನ ಡಬ್ಬಿ ಎಲ್ಲಾ ಬಿಚ್ಚಿದ್ವಿ, ಕುಕ್ಕರ್ ಬುಡಕ ಸಿಕ್ತು, ಸಾರಿನ ಪುಡಿ ವಾಸನಿ ಹೊಡೀತಿತ್ತು. ಸ್ಕ್ಯಾನ್ ಆಗೂಷ್ಟೊತ್ತಿಗೆ 23ನೇ ವಾರ. ಕೂಸು ಛಲೋ ಇತ್ತು, ದೇವ್ರ ದಯಾ. ಏನರ ದೊಡ್ಡ ತೊಂದ್ರಿ ಕಂಡಿದ್ರ ವಿಚಾರ ಮಾಡಾಕ ಟೈಮೇ ಇರ್ತಿರಲಿಲ್ಲ, ಯಾಕಂದ್ರ 2021ರ ತಿದ್ದುಪಡಿ ಆದ ಮ್ಯಾಲೂ 24 ವಾರ ದಾಟಿದ್ರ ಗರ್ಭಪಾತಕ್ಕ ಮೆಡಿಕಲ್ ಬೋರ್ಡ್ ಒಪ್ಪಬೇಕು, ಅದೂ ಕೂಸಿಗೆ ಗಂಭೀರ ದೋಷ ಇದ್ರ ಮಾತ್ರ (ತಾಯಿ ಜೀವಕ್ಕ ಅಪಾಯ ಇದ್ರ ಮಾತು ಬ್ಯಾರೆ). ಅದಕ್ಕ ಫೈಲ್ ಟ್ರಕ್‌ನಾಗ ಹಾಕಬ್ಯಾಡ್ರಿ, ನಿಮ್ಮ ಕೈಚೀಲದಾಗ ಇರ್ಲಿ.

ಇನ್ನೊಂದು ಮುಚ್ಚುಮರಿ ಮಾಡೂ ವಿಷಯ. ಡಾಕ್ಟರ್ "ಸಂಬಂಧದಾಗ ಲಗ್ನ ಆಗೀರೇನ?" ಅಂತ ಕೇಳ್ತಾರ. ಸೋದರಮಾವನ್ನ, ಅತ್ತಿ ಮಗನ್ನ ಆದವ್ರು ನಮ್ಮ ಕಡೆ ಭಾಳ ಮಂದಿ ಅದಾರ, ನಾಚಗೊಂಡು "ಇಲ್ರಿ" ಅಂದಬಿಡ್ತಾರ. ಅವ್ರು ನಿಮ್ಮನ್ನ ಬೈಯಾಕ ಕೇಳೂದಲ್ಲ. ಪ್ರತಿ ಜೀನ್ ನಮಗ ಜೋಡಿಲೆ ಬರ್ತೈತಿ, ತಾಯಿದೊಂದು ತಂದಿದೊಂದು, ಒಂದು ಕೆಟ್ಟಿದ್ರೂ ಭಾಳ ರೋಗದಾಗ ಇನ್ನೊಂದು ನಡಸ್ಕೊಂಡು ಹೋಗ್ತೈತಿ. ಅತ್ತಿ ಮಗ, ಮಾವನ ಮಗಳ ನಡುವ ಸುಮಾರು ಎಂಟರಾಗ ಒಂದ ಭಾಗ ಜೀನ್ ಒಂದ ಕಡಿಂದ ಬಂದಿರ್ತಾವ, ಸೋದರಮಾವ ಅಕ್ಕನ ಮಗಳು ಅಂದ್ರ ನಾಕರಾಗ ಒಂದ ಭಾಗ, ಹಿಂಗಾಗಿ ಇಬ್ಬರ ಹತ್ರಾನೂ ಅದ ಕೆಟ್ಟ ಪ್ರತಿ ಇರೂ ಸಾಧ್ಯತೆ ಜಾಸ್ತಿ. ಇಬ್ರೂ ಕ್ಯಾರಿಯರ್ (ರೋಗ ಇಲ್ದ ಒಂದ ಕೆಟ್ಟ ಪ್ರತಿ ಇಟಗೊಂಡವ್ರು) ಇದ್ರ ಪ್ರತಿ ಸಲ ಬಸುರಾದಾಗೂ ಕೂಸಿಗೆ ರೋಗ ಬರೂ ಸಾಧ್ಯತೆ 25 ಪರ್ಸೆಂಟ್, ಒಂದ ಕೂಸಿಗೆ ಬಂತು ಇನ್ನ ಮುಂದಿನ ಮೂರು ಸೇಫ್ ಅನ್ನೂ ಲೆಕ್ಕ ತಪ್ಪು, ಪ್ರತಿ ಸಲಾನೂ ಹೊಸ ಚೀಟಿ ಎತ್ತಿದಂಗ. ಥಲಸ್ಸೇಮಿಯಾ ಅನ್ನೂ ಇಂಥಾದ್ದ ರಕ್ತದ ರೋಗಕ್ಕ ಎಚ್‌ಪಿಎಲ್‌ಸಿ ಅಂತ ಒಂದ ರಕ್ತದ ಟೆಸ್ಟ್ ಐತಿ, ಮೊದ್ಲ ಬಸುರಿ ಹೆಣ್ಮಗಳಿಗೆ ಮಾಡಸ್ರಿ, ಕ್ಯಾರಿಯರ್ ಅಂತ ಬಂದ್ರ ಗಂಡನೂ ಕೈ ಚಾಚಬೇಕು. ಗಂಡಸ್ರು ಇಲ್ಲೆ ಹಿಂದ ಸರೀತಾರ!

ಗಂಡೋ ಹೆಣ್ಣೋ ಅಂತ ಸ್ಕ್ಯಾನ್ ರೂಮಿನ್ಯಾಗ ಯಾರಿಗೂ ಕೇಳಬ್ಯಾಡ್ರಿ, 1994ರ ಕಾಯ್ದೆ ಪ್ರಕಾರ ಅದು ಅಪರಾಧ. ಕೂಸಿಗೆ ಎಕ್ಸ್ ಕ್ರೋಮೋಸೋಮ್ (ಹೆಣ್ಣು) ಬರ್ತೈತೋ ವೈ (ಗಂಡು) ಬರ್ತೈತೋ ಅನ್ನೂದು ತಂದಿ ಕಡಿಂದ ತೀರ್ಮಾನ ಆಗೂದು, ಸೊಸಿಗೆ ಅಂದ್ರ ಏನ್ ಬಂತು.

ಖಾಸಗಿ ಡಾಕ್ಟರ್ ಹತ್ರ ತೋರ್ಸಿದ್ರೂ ನಿಮ್ಮ ಏರಿಯಾ ಆಶಾ ಕಾರ್ಯಕರ್ತೆನ್ನ ಹುಡುಕಿ ತಾಯಿ ಕಾರ್ಡ್ ಮಾಡಿಸ್ರಿ. ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರಿಗಳಾಗ ಬಸುರಿಯರಿಗೆ ಫ್ರೀ ತಪಾಸಣಿ ಇರ್ತೈತಿ. ರಕ್ತದ ಗುಂಪು ನೆಗೆಟಿವ್ ಇದ್ದವ್ರು 28ನೇ ವಾರದ ಇಂಜೆಕ್ಷನ್ ಮರೀಬ್ಯಾಡ್ರಿ, ಕೂಸು ಪಾಸಿಟಿವ್ ಆದ್ರ ಹೆರಿಗಿ ಆಗಿ 72 ತಾಸಿನೊಳಗ ಇನ್ನೊಂದು. ಕುಬಸ (ನಿಮ್ಮ ಸೀಮಂತ) ಆದ ಮ್ಯಾಲ ತವರಿಗೆ ಹೋಗವ್ರಿದ್ರ ಇಲ್ಲಿಯ ಫೈಲಿನ ಝೆರಾಕ್ಸ್ ಅಲ್ಲ, ಒರಿಜಿನಲ್ ಒಯ್ರಿ.

ಮಾತು ತಿಳೀಲಿಲ್ಲ ಅಂತ ಗಾಬರಿ ಆಗೂದು ಬ್ಯಾಡ. ಸಿಸ್ಟರ್ "ಬ್ಯಾನಿ ಬರಾಕತ್ತಾವನ?" ಅಂದ್ರ ಹೆರಿಗೆ ನೋವು ಬರ್ತಿದ್ಯಾ ಅಂತ. ಮರಾಠಿ ಮಾವಶಿ (ಆಯಾ) ಇದ್ರ "ಕಳಾ" ಅಂತಾರ, ಅದೂ ಅದ. ನೀರು ಒಡದ್ರ, ರಕ್ತ ಕಂಡ್ರ, ಕೂಸಿನ ಹೊಳ್ಳಾಟ ಕಮ್ಮಿ ಅನಿಸಿದ್ರ, ತಲಿ ಸಿಡದು ಕಣ್ಣು ಮಂಜಾದ್ರ ಬ್ಯಾನಿಗೆ ಕಾಯಬ್ಯಾಡ್ರಿ, 108ಕ್ಕ ಹಚ್ರಿ. ಹೆರಿಗಿ ಆದ ಮ್ಯಾಲಿನ ರಕ್ತಸ್ರಾವನೂ ಹಗರ ಅಲ್ಲ, ಇದ ನಮ್ಮ ಜಿಲ್ಲಾದ ಹಳ್ಳಿಗಳಾಗ ಜೆಎನ್‌ಎಂಸಿ (ಕೆಎಲ್‌ಇ ಮೆಡಿಕಲ್ ಕಾಲೇಜು) ಡಾಕ್ಟರ್‌ಗಳು 1620 ಹೆಣ್ಮಕ್ಕಳ ಮ್ಯಾಲ ಅಧ್ಯಯನ ಮಾಡಿದ್ರು, ಹೆರಿಗಿ ಆದ ಕೂಡ್ಲೆ ಎಎನ್‌ಎಂ (ಹಳ್ಳಿ ನರ್ಸ್) ಅಕ್ಕಾರು ಮಿಸೊಪ್ರೊಸ್ಟಾಲ್ ಗುಳಗಿ ಕೊಟ್ರ ಅತಿ ರಕ್ತಸ್ರಾವ 12 ಪರ್ಸೆಂಟ್‌ದಿಂದ 6.4ಕ್ಕ ಇಳೀತು ಅಂತ 2006ರಾಗ ಜಗತ್ತಿಗೆಲ್ಲಾ ಗೊತ್ತಾತು. (ಆ ಗುಳಗಿ ನೀವ ನೀವ ತರಿಸಿ ನುಂಗೂದಲ್ಲ ಮತ್ತ.)

ಬಾಣಂತಿಗೆ ಅಂಟಿನ ಉಂಡಿ, ಅಳವಿ ಪಾಯಸ ಬಾಜೂ ಮನಿ ಅಜ್ಜಿನ ಮಾಡಿ ತರ್ತಾಳ, ತಿನ್ರಿ, ರುಚಿ ಇರ್ತಾವ. ಕೂಸಿಗೆ ಗುಟ್ಟಿ (ಬೇರು-ಕಾಯಿ ತೇಯ್ದ ಮನಿ ಔಷಧ) ಅರದು ತಂದ್ರ ಮಾತ್ರ ನಕ್ಕೋತ ಬ್ಯಾಡ ಅನ್ರಿ, ಆರ ತಿಂಗಳ ತಾಯಿ ಹಾಲೊಂದ ಸಾಕು.

ಜನನ ನೋಂದಣಿ 21 ದಿನದೊಳಗ ಆಗಬೇಕು, ಆಸ್ಪತ್ರ್ಯಾಗ ಹೆರಿಗಿ ಆದ್ರ ಅವ್ರ ಕಳಸ್ತಾರ, ಆದ್ರ ಫಾರ್ಮ್ ನೀವ ಓದಿ ಸಹಿ ಮಾಡ್ರಿ. ಇಲ್ಲೆ ಎಲ್ಲಾರೂ "ಅಡ್ಡಹೆಸರು ಏನ್ರಿ?" ಅಂತ ಕೇಳ್ತಾರ, ನಿಮ್ಮ ಕಡೆ ಇನಿಶಿಯಲ್ ಅಷ್ಟ. ಒಬ್ರು ಏನ್ ಹೇಳೂದು ತಿಳೀದ "ಹಾಸನ" ಅಂದ್ರಂತ, ಸರ್ಟಿಫಿಕೇಟ್‌ನಾಗ ಕೂಸಿನ ಅಪ್ಪ ಹಾಸನ ಮನೆತನದವ ಆಗಿ ಕುಂತಾನ, ತಿದ್ದಸಾಕ ಇನ್ನೂ ಅಡ್ಡಾಡಾಕತ್ತಾರ.