ನಾಲ್ಕು, ಮೂರು, ಎರಡು ನಿಮಿಷ: ಮಾತಿನ ಜೊತೆಗಾರನಾದ ನನ್ನ ಅನುಭವ

"ಮಾತನಾಡುವುದಕ್ಕೂ ಯಾರಾದರೂ ದುಡ್ಡು ಕೊಡುತ್ತಾರೇನೋ?" ಎಂದು ಮಾವ ಕೇಳಿದ್ದ. ಅವನದು ಗಂಗಾವತಿಯ ರೈಸ್‌ಮಿಲ್‌ನಲ್ಲಿ ಹಮಾಲಿ ಕೆಲಸ. ಚೀಲಕ್ಕೆ ಇಷ್ಟು ಎಂದು ಎಣಿಸಿ ಕೂಲಿ ಪಡೆಯುವವನಿಗೆ ನನ್ನದು ಕಸುಬು ಎನಿಸಲೇ ಇಲ್ಲ. ಈಗ ಅದೇ ಮಾವ ಮಿಲ್ಲಿಗೆ ಹೊರಡುವ ಮೊದಲು ನನ್ನ ಮೊಬೈಲ್ ಮುಂದೆ ಬಂದು ಕೂರುತ್ತಾನೆ: "ಎಲ್ಲಿ ನಿನ್ನ ಅಮೆರಿಕದವನು?"

ಕನ್ನಡ ಕಲಿಯುವ ಹೊರದೇಶದವರ ಜೊತೆ ಕನ್ನಡದಲ್ಲಿ ಮಾತನಾಡಿ ದುಡ್ಡು ಪಡೆಯುವ ಈ ಕೆಲಸಕ್ಕೆ ಎಂ.ಎ. ಓದುತ್ತಲೇ ಇಳಿದೆ. ಹೊರದೇಶದ ವಿಶ್ವವಿದ್ಯಾಲಯಗಳ ಲೆಕ್ಕದಲ್ಲಿ ಕನ್ನಡ ಅಪರೂಪಕ್ಕೆ ಕಲಿಸುವ ಭಾಷೆ. ಅಲ್ಲಿ ಕಲಿಯುವವರಿಗೆ ವ್ಯಾಕರಣದ ಪುಸ್ತಕ ಹೇಗೋ ಸಿಗುತ್ತದೆ, ಎದುರು ಕುಳಿತು ಹರಟುವವರು ಸಿಗುವುದಿಲ್ಲ. ಮೊದಲು ನಾನು ಆನೆಗೊಂದಿಗೆ ಬರುವ ಪ್ರವಾಸಿಗರನ್ನು ನಂಬಿಕೊಂಡಿದ್ದೆ. ಅವರು ಎರಡು ದಿನ ಇದ್ದು, 'ಚೆನ್ನಾಗಿದೆ' ಎಂಬ ಒಂದು ಮಾತು ಕಲಿತು, ಹೊಳೆ ದಾಟಿ ಹಂಪಿಗೆ ಹೋಗಿಬಿಡುತ್ತಿದ್ದರು. ಮೂರು ತಿಂಗಳಲ್ಲಿ ಬಂದದ್ದು ಆರುನೂರು ರೂಪಾಯಿ, ಒಂದು ಟೋಪಿ.

ವಿಡಿಯೊ ಕರೆಯಲ್ಲಿ ಸಿಕ್ಕ ಮೊದಲ ಗಿರಾಕಿ ಇತಿಹಾಸದ ಸಂಶೋಧಕ. ವಿಜಯನಗರದ ಶಾಸನಗಳನ್ನು ತಡವರಿಸದೆ ಓದುತ್ತಿದ್ದ. ಚಹಾ ಬೇಕೆಂದರೆ ಮಾತ್ರ "ನಾನು ಚಹಾವನ್ನು ಕುಡಿಯಲು ಇಚ್ಛಿಸುತ್ತೇನೆ" ಎನ್ನುತ್ತಿದ್ದ. ನಾನಾದರೂ ಏನು ಮಾಡಿದೆ? ವಾರ್ತೆ ಓದುವವರ ಕನ್ನಡದಲ್ಲೇ ಉತ್ತರ ಕೊಟ್ಟೆ, ಅವನು ಸಿಕ್ಕಿಕೊಂಡಲ್ಲೆಲ್ಲ ಇಂಗ್ಲಿಷಿಗೆ ಜಾರಿದೆ, ಪ್ರತಿ ತಪ್ಪನ್ನೂ ಅಲ್ಲಲ್ಲೇ ತಿದ್ದಿದೆ. ತಾಸಿಗೆ ನೂರೈವತ್ತರಂತೆ ಹತ್ತು ತಾಸು ನಡೆಯಿತು. ಆಮೇಲೆ ಅವನು ಪರೀಕ್ಷೆ ಇದೆ ಎಂದ. ಪರೀಕ್ಷೆ ಇರಲಿಲ್ಲ ಎಂದು ನಂತರ ಅವನೇ ಹೇಳಿದ.

ತಿದ್ದುವ ಚಟ ಬಿಟ್ಟದ್ದು ಬಂಗಾಳಿಯಿಂದ. ಸಿಂಧನೂರಿನ ಆರ್‌.ಎಚ್. (ಪುನರ್ವಸತಿ) ಕ್ಯಾಂಪಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿವೆ. ಬಂಗಾಳಿ ಕಲಿಯಲೆಂದು ಅಲ್ಲಿಯ ಗೆಳೆಯನೊಬ್ಬನಿಗೆ ದಿನಕ್ಕೆ ಇಪ್ಪತ್ತು ನಿಮಿಷ ಬರೀ ಬಂಗಾಳಿಯಲ್ಲೇ ಮಾತನಾಡು ಎಂದು ಹೇಳಿದೆ. ನಾನು ಧೈರ್ಯದಿಂದ 'ಜಲ' ಎಂದೆ, ಅವನು 'ಜೋಲ್' ಎಂದ. ಹತ್ತು ನಿಮಿಷದಲ್ಲಿ ಹನ್ನೊಂದು ಸಲ ತಿದ್ದಿದ. ಹನ್ನೊಂದನೆಯದಕ್ಕೆ ನನಗೆ ಗಂಗಾವತಿಯಲ್ಲಿ ತುರ್ತು ಕೆಲಸ ನೆನಪಾಯಿತು. ಅಂದಿನಿಂದ ನನ್ನ ಕಡೆಯಿಂದ ಒಂದು ಅವಧಿಗೆ ಎರಡೇ ತಿದ್ದುಪಡಿ, ಅದೂ ಕೊನೆಗೆ, ಚೀಟಿಯಲ್ಲಿ ಬರೆದುಕೊಂಡು. ಬಂಗಾಳಿ ಅಲ್ಲಿಗೇ ನಿಂತಿದೆ, ಇರಲಿ.

ಇನ್ನು ಮುಖ್ಯ ವಿಷಯ. ಕಲಿಯುವವನಿಂದ ಒಂದೇ ಸಂಗತಿಯನ್ನು ಮೂವರಿಗೆ ಹೇಳಿಸುವುದು: ನನಗೆ ನಾಲ್ಕು ನಿಮಿಷ, ಅವ್ವನಿಗೆ ಮೂರು, ಮಾವನಿಗೆ ಎರಡು. ಈ ಅಳತೆ ಹೊಸದಲ್ಲ, ಪಾಠ ಹೇಳುವವರಿಗೆ ಗೊತ್ತಿರುವುದೇ. ಆದರೆ ಅವರೆಲ್ಲ ತರಗತಿಯ ಹುಡುಗರನ್ನೇ ಜೋಡಿ ಬದಲಾಯಿಸಿ ಕೂರಿಸುತ್ತಾರೆ. ನನ್ನ ಮನೆಯಲ್ಲಿರುವುದು ಇಂಗ್ಲಿಷ್ ಬಾರದ ಇಬ್ಬರು. ಕೆಲಸ ಕೊಡಿಸುತ್ತಿದ್ದ ಸಂಯೋಜಕರು "ಮನೆಯವರನ್ನು ಎಳೆದು ತಂದರೆ ಇದನ್ನು ಪಾಠ ಎನ್ನುತ್ತಾರೆಯೇ" ಎಂದು ಮುಖ ಗಂಟಿಕ್ಕಿದರು. ಅವರ ಕಡೆಯಿಂದ ಬರುತ್ತಿದ್ದ ಇಬ್ಬರು ಗಿರಾಕಿಗಳೂ ಹೋದರು.

ಮೊದಲ ದಿನ ಅವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮೊಬೈಲನ್ನು ಉಪ್ಪಿನ ಡಬ್ಬಿಗೆ ಆನಿಸಿಟ್ಟೆ. ಸಂಶೋಧಕ ಮತ್ತೆ ಬಂದಿದ್ದ, ಅರ್ಧ ದರಕ್ಕೆ. "ಅಮ್ಮ, ನಾನು ನಿಮಗೆ ಒಂದು ಕತ್ತೆ ಹೇಳುತ್ತೇನೆ" ಎಂದ. ಅವ್ವನ ಕೈ ಮೊರದಲ್ಲೇ ನಿಂತಿತು. "ಕತ್ತೆಗೆ ಏನು ಹೇಳುತ್ತೀಯೋ ತಮ್ಮಾ, ಅದಕ್ಕೆ ತಿಳಿಯುತ್ತದೇನು?" ಅವನು ಎರಡು ಕ್ಷಣ ಸುಮ್ಮನಿದ್ದು, ತುಟಿಯಲ್ಲೇ ಎರಡನ್ನೂ ಹೇಳಿಕೊಂಡು ನೋಡಿ, "ಕತೆ! ಕತೆ!" ಎಂದು ಕೂಗಿದ. ನಾನು ಹತ್ತು ತಾಸು ತಿದ್ದಿಯೂ ಕೂರದ ಒತ್ತಕ್ಷರ ಅವತ್ತು ಕೂತಿತು. ಮಾವನ ಸರದಿಗೆ ಬಂದಾಗ ಗಡಿಯಾರವೇ ಬೇಕಾಗಲಿಲ್ಲ, ಅವನಿಗೆ ಎರಡು ನಿಮಿಷದ ಮೇಲೆ ತಾಳ್ಮೆ ಇಲ್ಲ. ಮೊದಲ ಸುತ್ತಿನಲ್ಲಿ ಇಪ್ಪತ್ತು ಸಲವಾದರೂ ತಡೆದು ನಿಂತ ಸಂಶೋಧಕ ಮೂರನೆಯದರಲ್ಲಿ ಐದಾರು ಸಲ ನಿಂತಿರಬಹುದು. ಎಣಿಸಿದವನು ನಾನೇ, ಒಂದೆರಡು ಹೆಚ್ಚುಕಡಿಮೆ ಇದ್ದೀತು.

ಅವ್ವನಿಗೆ ನಾನು ಮೊದಲೇ ಹೇಳಿಕೊಡುವ ಒಂದು ಪ್ರಶ್ನೆ ಇದೆ. ಅದನ್ನು ಕೇಳಿದರೆ ಎಂಥ ಮೂಕನೂ ಬಾಯಿ ಬಿಡುತ್ತಾನೆ. ಅದು ಯಾವುದೆಂದು ಇಲ್ಲಿ ಬರೆಯುವುದಿಲ್ಲ, ನನ್ನ ಹೊಟ್ಟೆಪಾಡೂ ನಡೆಯಬೇಕಲ್ಲ.

ತಕರಾರೂ ಬಂತು. ಡಲ್ಲಾಸ್‌ನ ಹುಡುಗಿಯೊಬ್ಬಳ ತಂದೆ, ಮೂಲ ಬೆಂಗಳೂರಿನವರು, "ನಮ್ಮ ಮಗಳು 'ಐತಿ' ಎನ್ನಲು ಶುರುಮಾಡಿದ್ದಾಳೆ" ಎಂದು ದೂರಿದರು. ಅವಳು ಬರೆಯುವಾಗ 'ಇದೆ' ಎಂದೇ ಬರೆಯುತ್ತಾಳೆ, ಕಿವಿಗೆ ಎರಡೂ ಇರಲಿ ಸರ್, ಎಂದೆ. ಒಪ್ಪಲಿಲ್ಲ, ಬಿಡಿಸಿಯೂ ಇಲ್ಲ.

ಹಣದಲ್ಲಿ ಪೆಟ್ಟು ತಿಂದದ್ದೇ ಹೆಚ್ಚು. ಐವತ್ತು ಡಾಲರ್ ಕಳಿಸಿದರೆ ನಾಲ್ಕು ಸಾವಿರದ ಮೇಲೆ ಬರಬೇಕಿತ್ತು, ಕಡಿತವೆಲ್ಲ ಕಳೆದು ಕೈಗೆ ಸಿಕ್ಕದ್ದು ಮೂರು ಸಾವಿರದ ಏಳುನೂರು ಚಿಲ್ಲರೆ. ಈಗ ತಿಂಗಳಿಗೊಮ್ಮೆ ಒಟ್ಟಿಗೇ ಕಳಿಸಲು ಹೇಳುತ್ತೇನೆ. ಕರೆಂಟ್ ಹೋದಾಗ ರೂಟರ್ ನಿಲ್ಲದಿರಲೆಂದು ಪುಟ್ಟ ಬ್ಯಾಟರಿಗೆ ಸಾವಿರದ ಐನೂರು ಹಾಕಿದೆ. ಎಲ್ಲಕ್ಕಿಂತ ದೊಡ್ಡ ಹೊಡೆತ ಮಾರ್ಚ್ ತಿಂಗಳಿನದು. ಅಮೆರಿಕದಲ್ಲಿ ಮಾರ್ಚಿನ ಎರಡನೇ ಭಾನುವಾರ ಗಡಿಯಾರ ಒಂದು ತಾಸು ಮುಂದೆ ಹೋಗುತ್ತದೆ. ಪೂರ್ವ ಕರಾವಳಿಯವರ ಸಂಜೆ ಏಳೂವರೆ ಚಳಿಗಾಲದಲ್ಲಿ ನಮಗೆ ಬೆಳಗಿನ ಆರು, ಆ ಭಾನುವಾರದಿಂದ ಐದು. ನಾನು ಮುಖ ತೊಳೆದು ಆರಕ್ಕೆ ಕೂತರೆ ಅವರು ಕಾದು ಕಾದು ಹೋಗಿದ್ದರು. ಹೆಚ್ಚು ದರ ಕೊಡುತ್ತಿದ್ದ ಒಬ್ಬ ಗಿರಾಕಿ ಹೀಗೇ ಕೈಬಿಟ್ಟ. ನವೆಂಬರಿನ ಮೊದಲ ಭಾನುವಾರ ಅದು ಹಿಂದಕ್ಕೆ ಬರುತ್ತದೆ, ಆಗ ನಷ್ಟವಿಲ್ಲ, ಒಂದು ತಾಸಿನ ನಿದ್ದೆ ಹಾಳು ಅಷ್ಟೆ. ಸದ್ಯ ನಾಲ್ವರಿದ್ದಾರೆ, ತಾಸಿಗೆ ಮುನ್ನೂರೈವತ್ತು, ತಿಂಗಳಿಗೆ ಒಂಬತ್ತು ಸಾವಿರದ ಆಸುಪಾಸು.

ಜನವರಿಯಲ್ಲಿ ಸಂಶೋಧಕ ಊರಿಗೇ ಬಂದ. ಗಂಗಾವತಿ ಬಸ್ ನಿಲ್ದಾಣದ ಹೊರಗೆ ಆನೆಗೊಂದಿಗೆ ಆಟೋ ಕೇಳಿದ. ನಾನು ಬೀಡಾ ಅಂಗಡಿಯ ಮರೆಯಲ್ಲಿ ನಿಂತು ಕೈಗಡಿಯಾರ ನೋಡುತ್ತಿದ್ದೆ. ಆಟೋದವನು ನಾನೂರು ಎಂದ. ಇವನು ಅಕ್ಕಿಯ ರೇಟಿನಿಂದ ಹಿಡಿದು ಡೀಸೆಲ್‌ವರೆಗೆ ಮಾತು ಹಬ್ಬಿಸಿ, ಕೊನೆಗೆ ಎದೆ ಮುಟ್ಟಿಕೊಂಡು "ಅಣ್ಣಾ, ನಾನು ಪ್ರವಾಸಿ ಬೇಡ!" ಎಂದ. 'ಅಲ್ಲ' ಎನ್ನಬೇಕಾದಲ್ಲಿ 'ಬೇಡ'. ಇಲ್ಲ, ಅಲ್ಲ, ಬೇಡ, ಈ ಮೂರು ಕಲಿಯುವವರೆಲ್ಲರನ್ನೂ ಕಾಡುತ್ತವೆ. ಆಟೋದವನು ನಗುತ್ತಾ ಇನ್ನೂರೈವತ್ತಕ್ಕೆ ಇಳಿದ. ಚೌಕಾಸಿ ನಡೆದದ್ದು ಮೂರು ನಿಮಿಷದ ಮೇಲೆ ಹತ್ತು ಸೆಕೆಂಡ್. ತಿದ್ದಲು ಹೋಗಲಿಲ್ಲ.

ಅವ್ವನಿಗೆ ತಿಂಗಳಿಗೆ ಐನೂರು ಕೊಡುತ್ತಿದ್ದೇನೆ. ಈಗ ಏಳುನೂರು ಕೇಳುತ್ತಿದ್ದಾಳೆ. ಮಾವ ಇನ್ನೂ ಏನೂ ಕೇಳಿಲ್ಲ.